ಅರ್ಚಕರಿಲ್ಲದ ಹಳ್ಳಿಯ ಶಿಂಟೊ ಗುಡಿಗಳಲ್ಲಿ ಹೊರಗಿನವರು ಹೇಗೆ ನಡೆದುಕೊಳ್ಳಬೇಕು?

ದಾರಿಹೋಕ:

ಅಕ್ಟೋಬರ್‌ನಲ್ಲಿ ಜಪಾನಿನ ಶಿಮಾನೆ ಪ್ರಾಂತ್ಯಕ್ಕೆ ಹೊರಟಿದ್ದೇನೆ. ಇಜುಮೊ ತೈಶಾ ಎಂಬ ದೊಡ್ಡ ಮಂದಿರ ನೋಡಿದ ಮೇಲೆ ಪಶ್ಚಿಮದ ಇವಾಮಿ ಭಾಗದ ಹಳ್ಳಿಗಳಲ್ಲಿ ಕೆಲವು ದಿನ ತಂಗುವ ಯೋಚನೆಯಿದೆ. ದೊಡ್ಡ ಕ್ಷೇತ್ರಗಳಲ್ಲಾದರೆ ಮುಂದಿರುವವರನ್ನು ನೋಡಿಕೊಂಡು ಅವರಂತೆಯೇ ಮಾಡಬಹುದು. ಆದರೆ ಗದ್ದೆಯ ಅಂಚಿನಲ್ಲೋ ಮರಗಳ ಗುಂಪಿನ ನಡುವೆಯೋ ಇರುವ ಸಣ್ಣ ಗುಡಿಗಳಲ್ಲಿ ಅರ್ಚಕರೂ ಇರುವುದಿಲ್ಲ, ಬೇರೆ ಭಕ್ತರೂ ಸಿಗುವುದಿಲ್ಲ ಎಂದು ಕೇಳಿದ್ದೇನೆ. ಅಂತಹ ಕಡೆ ಯಾರನ್ನೂ ಕೇಳದೆ ಒಳಗೆ ಹೋಗಬಹುದೇ? ಕೈ ತೊಳೆಯುವ ತೊಟ್ಟಿ ಒಣಗಿದ್ದರೆ ಏನು ಮಾಡಬೇಕು? ಎಲ್ಲಕ್ಕಿಂತ ಹೆಚ್ಚಾಗಿ, ಶಿಂಟೊ ಎಂಬ ಆ ಜಪಾನಿ ನಂಬಿಕೆಗೆ ಸೇರದ ನಾನು ತಲೆಬಾಗಿ ಚಪ್ಪಾಳೆ ತಟ್ಟಿದರೆ ಅದು ನಾಟಕವೆನಿಸುವುದಿಲ್ಲವೇ ಎಂಬ ಅಳುಕಿದೆ.

ಹಳೆನಕ್ಷೆ:

ಧಾರಾಳವಾಗಿ ಹೋಗಬಹುದು. ತೋರಿ ಎಂಬ ಹೆಬ್ಬಾಗಿಲಿಗೆ ಕದವೇ ಇರುವುದಿಲ್ಲ. ಅದರ ಮುಂದೆ ಒಮ್ಮೆ ತಲೆಬಾಗಿ, ದಾರಿಯ ನಡುಭಾಗವನ್ನು ದೇವರಿಗೆ ಬಿಟ್ಟು ಅಂಚಿನಲ್ಲಿ ನಡೆದರಾಯಿತು. ಪಾದರಕ್ಷೆ ಕಳಚುವುದು ಕಟ್ಟಡದ ಒಳಗೆ ಏರುವಾಗ ಮಾತ್ರ.

ಅರ್ಚಕರಿಲ್ಲ ಎಂದ ಮಾತ್ರಕ್ಕೆ ಆ ಗುಡಿಗೆ ದಿಕ್ಕಿಲ್ಲ ಎಂದು ತಿಳಿಯಬಾರದು. 1946ರಲ್ಲಿ ಸ್ಥಾಪನೆಯಾದ ಜಿಂಜಾ ಹೊಂಚೊ ಎಂಬ ಒಕ್ಕೂಟದಡಿ ಸುಮಾರು 80,000 ಮಂದಿರಗಳಿವೆ. ಅರ್ಚಕರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಹಳ್ಳಿಗಾಡಿನಲ್ಲಿ ಒಬ್ಬರೇ ಗೂಜಿ, ಅಂದರೆ ಮುಖ್ಯ ಅರ್ಚಕರು, ಹಲವು ಗುಡಿಗಳನ್ನು ನೋಡಿಕೊಳ್ಳುತ್ತಾರೆ ಮತ್ತು ಹಬ್ಬಹರಿದಿನಗಳಲ್ಲಷ್ಟೇ ಬಂದುಹೋಗುತ್ತಾರೆ. ಉಳಿದ ದಿನಗಳಲ್ಲಿ ಅಂಗಳ ಗುಡಿಸುವುದು, ಮಾಡಿನ ಮೇಲಿನ ಎಲೆ ತೆಗೆಯುವುದು, ಹುಲ್ಲು ಹೊಸೆದು, ಪವಿತ್ರವಾದುದನ್ನು ಗುರುತಿಸುವ ಶಿಮೆನಾವಾ ಹಗ್ಗ ಕಟ್ಟುವುದು ಇವೆಲ್ಲವೂ ಉಜಿಕೊ ಎನಿಸಿಕೊಂಡ ಊರಿನ ಮನೆತನಗಳ ಪಾಲಿನ ಕೆಲಸ, ಮತ್ತು ಈಗ ಆ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರೇ. ಯಾರಾದರೂ ಎದುರಾದರೆ ನಿಂತು ನಮಸ್ಕರಿಸಿ. ಚಪ್ಪಾಳೆಯ ಲೆಕ್ಕಕ್ಕಿಂತ ಅದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ನಾನು ಕಂಡ ಒಂದು ಗುಡಿಯಲ್ಲಿ ಕಾಣಿಕೆ ಪೆಟ್ಟಿಗೆಯು ಜಾಲರಿ ಬಾಗಿಲಿನ ಒಳಗಿತ್ತು. ಪ್ರಾಣಿಗಳು ನುಗ್ಗುವುದರಿಂದ ತೆರೆದವರೇ ಮುಚ್ಚಿ ಹೋಗಬೇಕೆಂದು ಕೈಯಲ್ಲಿ ಬರೆದ ಚೀಟಿಯನ್ನು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ, ಬಾಗಿಲಿಗೆ ಅಂಟಿಸಿದ್ದರು. ಇಂತಹ ಚೀಟಿಗಳನ್ನು ಮೊಬೈಲಿನ ಅನುವಾದ ಆ್ಯಪ್‌ನಲ್ಲಾದರೂ ಓದಿಯೇ ಮುಂದುವರಿಯಬೇಕು.

ತೊಟ್ಟಿಯಲ್ಲಿ ನೀರಿದ್ದರೆ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ ತೊಳೆಯಬೇಕು. ಸೌಟನ್ನು ನೆಟ್ಟಗೆ ಹಿಡಿದು ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಮಾಡಿ ಸ್ವಸ್ಥಾನದಲ್ಲಿಡಬೇಕು. ಸೌಟಿಗೆ ಬಾಯಿ ತಗಲಿಸುವಂತಿಲ್ಲ, ಮುಕ್ಕಳಿಸಿದ್ದನ್ನು ತೊಟ್ಟಿಗೆ ಉಗಿಯುವಂತಿಲ್ಲ. 2020ರ ಕೊರೊನಾ ಕಾಲದಲ್ಲಿ ಸೌಟು ತೆಗೆದಿಟ್ಟ ಎಷ್ಟೋ ಕಡೆ ಹರಿಯುವ ನೀರಿಗೆ ಕೈಯೊಡ್ಡುವುದೇ ರೂಢಿಯಾಗಿದೆ. ತೊಟ್ಟಿ ಒಣಗಿದ್ದರೆ ಸುಮ್ಮನೆ ಮುಂದೆ ಹೋಗಿ, ಅದರಲ್ಲಿ ದೋಷವೇನೂ ಇಲ್ಲ.

ಪೆಟ್ಟಿಗೆಗೆ ನಾಣ್ಯ ಹಾಕಿದ ಮೇಲೆ ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಪ್ರಾರ್ಥಿಸಿ, ಕೊನೆಗೊಮ್ಮೆ ಬಾಗುವುದು ಸಾಮಾನ್ಯ ಕ್ರಮ. ಇಜುಮೊ ತೈಶಾದಲ್ಲಾದರೆ ನಾಲ್ಕು ಚಪ್ಪಾಳೆ. ಅಲ್ಲಿಯೇ ಮೇ 14ರ ಮಹೋತ್ಸವದಲ್ಲಿ ಎಂಟು. ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಎನ್ನುವ ಈ ಕ್ರಮ ನೆಲೆಗೊಂಡದ್ದೇ ಮೇಜಿ ಕಾಲದಿಂದ (1868–1912) ಈಚೆಗೆ. ಹಾಗಾಗಿ ಲೆಕ್ಕ ತಪ್ಪೀತೆಂದು ಬೆವರುವ ಅಗತ್ಯವಿಲ್ಲ.

ನಿಧಾನಪ್ರಯಾಣಿ:

ಮೇಲಿನ ಉತ್ತರದಲ್ಲಿ ನಾಟಕದ ಪ್ರಶ್ನೆ ಉಳಿದುಹೋಯಿತು. ಮನಸ್ಸು ಒಪ್ಪದಿದ್ದರೆ ಚಪ್ಪಾಳೆ ಬೇಡ. ಟೋಪಿ ತೆಗೆದು ಒಮ್ಮೆ ತಲೆಬಾಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮುಂಭಾಗದ ಹೈದೆನ್‌ನಿಂದ, ಅಂದರೆ ಪ್ರಾರ್ಥನಾ ಮಂಟಪದಿಂದ, ಹಿಂದಿರುವ ಹೊಂದೆನ್ ಎಂಬ ಗರ್ಭಗುಡಿಯೊಳಗೆ ಇಣುಕುವುದು, ಬಾಗಿಲ ಸಂದಿನಲ್ಲಿ ಮೊಬೈಲ್ ತೂರಿಸಿ ಚಿತ್ರ ತೆಗೆಯುವುದು ಖಂಡಿತ ಸಲ್ಲದು. ದೇವರ ನೆಲೆಯಾದ ವಸ್ತುವನ್ನು ಊರಿನ ಭಕ್ತರೇ ನೋಡಿರುವುದಿಲ್ಲ. ಹಗ್ಗ ಸುತ್ತಿದ ಮರ ಅಥವಾ ಬಂಡೆ ಕಂಡರೂ ಅದನ್ನು ಹತ್ತಬಾರದು, ಒರಗಬಾರದು.

ಅಕ್ಟೋಬರ್‌ನಲ್ಲಿ ಇವಾಮಿಗೆ ಹೋಗುವವರು ನಿಜಕ್ಕೂ ಅದೃಷ್ಟವಂತರು. ಶರತ್ಕಾಲದ ಹಬ್ಬಗಳಲ್ಲಿ ಅಲ್ಲಿನ ಗುಡಿಗಳಲ್ಲಿ ರಾತ್ರಿಯಿಡೀ ಇವಾಮಿ ಕಾಗುರಾ ಎಂಬ ದೇವರ ಕುಣಿತ ನಡೆಯುತ್ತದೆ. ಎಂಟು ತಲೆಯ ಒರೊಚಿ ಸರ್ಪವನ್ನು ಸುಸಾನೊ ಎಂಬ ದೇವರು ಕೊಲ್ಲುವ ಪ್ರಸಂಗದಲ್ಲಿ ಬಿದಿರು ಮತ್ತು ಕಾಗದದಿಂದ ಮಾಡಿದ ಸರ್ಪದ ಉದ್ದನೆಯ ಮೈ ಸುರುಳಿ ಸುತ್ತುತ್ತ ಪ್ರೇಕ್ಷಕರ ಮೊಣಕಾಲಿನವರೆಗೂ ಬರುತ್ತದೆ. ಅಲ್ಲಿ ಕುಳಿತಿರುವವರು ಊರಿನವರೇ ಆದ್ದರಿಂದ ಲಕೋಟೆಯಲ್ಲಿ ಹಣವಿಟ್ಟು ಕಾಣಿಕೆ ಕೊಡುವುದು ಒಳ್ಳೆಯದು; ನಿಮ್ಮ ಆತಿಥೇಯರನ್ನು ಕೇಳಿದರೆ ಯಾರಿಗೆ ಒಪ್ಪಿಸಬೇಕೆಂದು ಹೇಳುತ್ತಾರೆ. ನೋಡಲು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನೂ ಅವರನ್ನೇ ಕೇಳಿ.

ದಾರಿಹೋಕ:

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದೇ ಸಂದೇಹ. ಗೊಶುಯಿನ್ ಎಂಬ ಕೆಂಪು ಮುದ್ರೆಯನ್ನು ಪುಸ್ತಕದಲ್ಲಿ ಹಾಕಿಸಿಕೊಳ್ಳುವ ಆಸೆಯಿದೆ. ಅರ್ಚಕರಿಲ್ಲದ ಗುಡಿಗಳಲ್ಲಿ ಅದು ಸಿಗುತ್ತದೆಯೇ?

ಕೊನೆಬಸ್ಸು:

ಬಹಳಷ್ಟು ಗುಡಿಗಳಲ್ಲಿ ಸಿಗುವುದಿಲ್ಲ. ಕೆಲವೆಡೆ ಮೊದಲೇ ಬರೆದಿಟ್ಟ ಹಾಳೆಗಳನ್ನು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಸೂಚಿಸಿದ ಮೊತ್ತವನ್ನು ಪೆಟ್ಟಿಗೆಗೆ ಹಾಕಿ ಒಂದನ್ನು ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅದು 300ರಿಂದ 500 ಯೆನ್ ಇರುತ್ತದೆ. ಚಿಲ್ಲರೆ ಕೊಡುವವರು ಯಾರೂ ಇರುವುದಿಲ್ಲವಾದ್ದರಿಂದ 100 ಯೆನ್ ನಾಣ್ಯಗಳನ್ನು ಕೂಡಿಟ್ಟುಕೊಳ್ಳಿ. ಇನ್ನು ಕೆಲವು ಗುಡಿಗಳ ಮುದ್ರೆಯನ್ನು ಗೂಜಿಯವರು ವಾಸಿಸುವ ಬೇರೊಂದು ಮಂದಿರದಲ್ಲಿ ಕೊಡುತ್ತಾರೆ, ಅದರ ವಿಳಾಸ ಸೂಚನಾ ಫಲಕದಲ್ಲಿರುತ್ತದೆ. ಮೊದಲು ದೇವರಿಗೆ ನಮಸ್ಕಾರ, ಆಮೇಲೆ ಮುದ್ರೆ ಎಂಬ ಕ್ರಮವನ್ನು ಎಲ್ಲ ಕಡೆಯೂ ನಿರೀಕ್ಷಿಸುತ್ತಾರೆ.

ಯಾರೂ ಪ್ರಸ್ತಾಪಿಸದ ಒಂದು ವಿಷಯವನ್ನೂ ಸೇರಿಸುತ್ತೇನೆ. ಆ ಭಾಗದ ಬೆಟ್ಟಗಳಲ್ಲಿ ಕಪ್ಪು ಕರಡಿಗಳಿವೆ, ಮತ್ತು ಶರತ್ಕಾಲದಲ್ಲಿ ಅವು ಹಣ್ಣು ಕಾಯಿಗಳನ್ನು ಅರಸಿ ಊರಿನ ಹತ್ತಿರ ಬರುತ್ತವೆ. ಗುಡಿಯ ಸುತ್ತಲಿನ ತೋಪು ಕಾಡಿಗೆ ಹೊಂದಿಕೊಂಡಿದ್ದರೆ ಮುಂಜಾನೆ ಮತ್ತು ಮುಸ್ಸಂಜೆ ಒಬ್ಬರೇ ಹೋಗಬೇಡಿ, ಚೀಲಕ್ಕೊಂದು ಗಂಟೆ ಕಟ್ಟಿಕೊಳ್ಳಿ, ತಿಂಡಿಯ ಪೊಟ್ಟಣವನ್ನು ಅಲ್ಲಿ ಬಿಟ್ಟು ಬರಬೇಡಿ. ಹಳ್ಳಿಯ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ಮರಳಿ ಬರುವ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ.