ಹಳೆಯ ಗೇಮ್ ಕನ್ಸೋಲ್ ಕೈಕೊಡುತ್ತಿದೆ. ಇನ್ನೊಂದು ಕೊಳ್ಳಬೇಕಾ, ಇಲ್ಲಾ ಟಿವಿ ಕೆಳಗಿನ ಡಬ್ಬಿಯ ಕಾಲವೇ ಮುಗಿಯಿತಾ?

ಮೂಲೆಕುರ್ಚಿ:

ನಮ್ಮ ಮನೆಯ ಕನ್ಸೋಲಿಗೆ ಹನ್ನೊಂದು ವರ್ಷ ಆಯಿತು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೆ ಮೂಲ ಪ್ರಶ್ನೆ ಬಿಟ್ಟು ಎಲ್ಲರೂ ಅದಕ್ಕೇ ಜಗಳಕ್ಕೆ ಇಳಿಯುತ್ತೀರಿ.

ಡಿಸ್ಕ್ ಹಾಕಿದರೆ ಮೂರು ಸಲ ಹೊರಗೆ ಉಗುಳುತ್ತದೆ, ನಾಲ್ಕನೇ ಸಲ ನುಂಗುತ್ತದೆ. ಫ್ಯಾನ್ ಸದ್ದಿನಲ್ಲಿ ಪಾತ್ರಗಳು ಏನು ಮಾತಾಡುತ್ತವೋ ಕೇಳಿಸುವುದೇ ಇಲ್ಲ, ಸಬ್‌ಟೈಟಲ್ ಓದಿಕೊಂಡು ಆಡುತ್ತೇನೆ. ಕಳೆದ ತಿಂಗಳು ಧೈರ್ಯ ಮಾಡಿ ಬಿಚ್ಚಿದೆ. ಚಿಪ್ಪಿನ ಬಿಸಿ ಎಳೆಯುವ ಹೀಟ್‌ಸಿಂಕಿನ ಸಂದಿಯಲ್ಲಿ ಧೂಳು ಕಂಬಳಿ ಹಾಗೆ ಕೂತಿತ್ತು. ಬ್ರಷ್ ತಾಗಿಸಿದರೆ ಇಡೀ ತುಂಡೇ ಎದ್ದು ಬಂತು. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣ ಆಗಿತ್ತು. ಹೊಸದು ಹಚ್ಚಿದೆ. ಎರಡು ವಾರ ತೆಪ್ಪಗಿತ್ತು, ಆಮೇಲೆ ಮತ್ತೆ ಅದೇ ರಾಗ.

ಸರಿ, ಹೊಸದು ತಗೊಳ್ಳೋಣ ಅಂತ ನೋಡಿದರೆ ತಲೆ ಕೆಟ್ಟಿತು. ಸೋನಿಯ ಪ್ಲೇಸ್ಟೇಷನ್ 5 ಪ್ರೊ (ಪಿಎಸ್5 ಪ್ರೊ) 2024ರಲ್ಲಿ ಬಂದಾಗ ಅದರಲ್ಲಿ ಡಿಸ್ಕ್ ಡ್ರೈವೇ ಇರಲಿಲ್ಲ, ಬೇರೆ ಕೊಂಡು ಸಿಕ್ಕಿಸಬೇಕು. ನಿಂಟೆಂಡೊದ ಸ್ವಿಚ್ 2ರ ಕೆಲವು ಗೇಮ್‌ಗಳ ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀಲಿ ಮಾತ್ರ ಇರುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನವರು ತಮ್ಮದೇ ಗೇಮ್‌ಗಳನ್ನು ಎದುರಾಳಿಯ ಮನೆಗೆ ಕಳಿಸುತ್ತಿದ್ದಾರೆ. ಅವರ ಹೆಸರಾಂತ ಶೂಟಿಂಗ್ ಗೇಮ್ ಹೇಲೋ ಕೂಡ ಪ್ಲೇಸ್ಟೇಷನ್‌ಗೆ ಬರುತ್ತದೆ ಅಂತ 2025ರಲ್ಲಿ ಘೋಷಿಸಿದಾಗ ನಾನು ಎರಡು ಸಲ ಓದಿದೆ.

ನನ್ನ ಕಪಾಟಿನಲ್ಲಿ ಅರವತ್ತು ಚಿಲ್ಲರೆ ಡಿಸ್ಕ್ ಇವೆ. ಒಂದು ನನ್ನದಲ್ಲ, 2009ರಲ್ಲಿ ಗೆಳೆಯನಿಂದ ತಂದಿದ್ದು. ಇನ್ನೂ ವಾಪಸ್ ಕೊಟ್ಟಿಲ್ಲ. ಅವನೂ ಕೇಳಿಲ್ಲ. ಮೊನ್ನೆ ತಂಗಿ ಮಗ ಬಂದಿದ್ದ. ಒಂದು ಡಿಸ್ಕನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಾ "ಮಾವ, ಇದನ್ನ ಎಲ್ಲಿ ತುರುಕೋದು?" ಅಂತ ಕೇಳಿದ. ಅವನಿಗೆ ಹನ್ನೆರಡು ವರ್ಷ, ದಿನಾ ಗೇಮ್ ಆಡುವ ಹುಡುಗ.

ಈಗ ನೀವು ಹೇಳಿ. ಇನ್ನೊಂದು ಡಬ್ಬಿಗೆ ದುಡ್ಡು ಹಾಕಬಹುದಾ? ಇನ್ನು ಹತ್ತು ವರ್ಷ ಆದಮೇಲೆ ಕನ್ಸೋಲ್ ಅನ್ನುವ ವಸ್ತು ಇರುತ್ತದಾ?

ಬೆಸುಗೆಕಡ್ಡಿ:

ಮೊದಲು ನಿಮ್ಮ ರೋಗಿಯನ್ನು ನೋಡೋಣ, ಭವಿಷ್ಯ ಆಮೇಲೆ.

ಡಿಸ್ಕ್ ಒಳಗೆ ಎಳೆಯಲು ರಬ್ಬರ್ ರೋಲರ್ ಇರುತ್ತದೆ. ವರ್ಷಗಟ್ಟಲೆ ಆದಮೇಲೆ ಅದು ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ರೋಲರನ್ನು ತಿರುಗಿಸುತ್ತಾ ಒರೆಸಿ. ಬಟ್ಟೆ ಕಪ್ಪಾಗುತ್ತದೆ, ಗಾಬರಿ ಬೇಡ. ಆಗಲೂ ಆಗದಿದ್ದರೆ ರೋಲರ್ ಬದಲಿಸಿ. ಒಂದು ಮಾತು ನೆನಪಿರಲಿ: ಇಡೀ ಡ್ರೈವ್ ಬದಲಿಸುವ ಪರಿಸ್ಥಿತಿ ಬಂದರೆ ಹಳೆಯ ಡ್ರೈವಿನ ಸರ್ಕ್ಯೂಟ್ ಬೋರ್ಡನ್ನು ಎಸೆಯಬೇಡಿ. ಬಹಳಷ್ಟು ಕನ್ಸೋಲ್‌ಗಳಲ್ಲಿ ಆ ಬೋರ್ಡು ಮದರ್‌ಬೋರ್ಡಿಗೆ ಜೋಡಿಯಾಗಿರುತ್ತದೆ. ಬೇರೆ ಬೋರ್ಡು ಹಾಕಿದರೆ ಡಿಸ್ಕ್ ಓದುವುದಿಲ್ಲ. ನಾನು ಇದನ್ನು ಕಲಿತದ್ದು ಒಂದು ಒಳ್ಳೆಯ ಡ್ರೈವನ್ನು ಹಾಳು ಮಾಡಿಕೊಂಡಮೇಲೆ.

ಈಗ ಕೊಳ್ಳುವ ವಿಷಯ. "ಒಂದೆರಡು ವರ್ಷ ಕಾದರೆ ಬೆಲೆ ಇಳಿಯುತ್ತದೆ" ಅಂತ ನಾವೆಲ್ಲ ಕಾಯುತ್ತಿದ್ದೆವಲ್ಲ, ಆ ಲೆಕ್ಕ ಈಗ ನಡೆಯುವುದಿಲ್ಲ. ಪಿಎಸ್2 2000ರಲ್ಲಿ ಬಂತು, 2004ರಲ್ಲಿ ಪುಸ್ತಕದಷ್ಟು ತೆಳ್ಳಗಾಯಿತು, ಬೆಲೆ ಇಳಿಯುತ್ತಲೇ ಹೋಯಿತು. ಪಿಎಸ್3 ಒಳಗಿನ ಸೆಲ್ ಚಿಪ್ಪಿನ ತಯಾರಿಕೆ 90 ನ್ಯಾನೋಮೀಟರ್ ತಂತ್ರದಿಂದ 65ಕ್ಕೆ, ಆಮೇಲೆ 45ಕ್ಕೆ ಬಂತು. ಚಿಪ್ ಚಿಕ್ಕದಾದರೆ ಒಂದೇ ವೇಫರಿನಲ್ಲಿ, ಅಂದರೆ ಚಿಪ್ ಕತ್ತರಿಸುವ ಸಿಲಿಕಾನ್ ಬಿಲ್ಲೆಯಲ್ಲಿ, ಜಾಸ್ತಿ ಚಿಪ್ ಸಿಗುತ್ತವೆ, ಬಿಸಿ ಕಡಿಮೆ, ಪವರ್ ಸಪ್ಲೈ ಚಿಕ್ಕದು, ಡಬ್ಬಿಯೂ ಚಿಕ್ಕದು. ಈಗ ಹೊಸ ತಂತ್ರದ ವೇಫರೇ ದುಬಾರಿ. ಚಿಕ್ಕದು ಮಾಡಿದರೂ ಅಂಥ ಉಳಿತಾಯ ಇಲ್ಲ. ಮೇಲಿಂದ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. 2025ರಲ್ಲಿ ಸೋನಿ, ಮೈಕ್ರೋಸಾಫ್ಟ್ ಇಬ್ಬರೂ ಐದು ವರ್ಷ ಹಳೆಯ ಯಂತ್ರಗಳ ಬೆಲೆ ಏರಿಸಿದರು. ಏರಿಸಿದರು! ಮುದಿ ಕನ್ಸೋಲಿನ ಬೆಲೆ ಹೀಗೆ ಏರುವುದನ್ನು ನೋಡುತ್ತೇನೆ ಅಂದುಕೊಂಡಿರಲಿಲ್ಲ.

ಸುಮ್ನೆಪಿಸಿ:

ಸುಮ್ನೆ ಒಂದು ಪಿಸಿ ತಗೊಳ್ಳಿ ಸಾರ್. ಪ್ರಶ್ನೆ ಮುಗೀತು.

ಫ್ರೇಮ್‌ಲೆಕ್ಕ:

ಮುಗಿಯಲಿಲ್ಲ ಸ್ವಾಮಿ. ನಾನು ಗೇಮ್ ಮಾಡುವ ಕಡೆ ಕೆಲಸ ಮಾಡುವವನು, ಪಿಸಿಗೂ ಕನ್ಸೋಲಿಗೂ. ಪಿಸಿಯಲ್ಲಿ ಒಂದು ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಚಿತ್ರ ತಟಕ್ಕನೆ ನಿಂತು ಮುಂದೆ ಹೋಗುವುದನ್ನು ನೋಡಿದ್ದೀರಲ್ವಾ? ಆ ಜಾಗದ ಬೆಳಕು, ನೀರು, ಹೊಗೆ ಎಲ್ಲದಕ್ಕೂ ಶೇಡರ್ ಅಂತ ಚಿಕ್ಕ ಪ್ರೋಗ್ರಾಂ ಇರುತ್ತವೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ನನಗೆ ಗೊತ್ತಿಲ್ಲ, ಹಾಗಾಗಿ ಅವನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಆ ಕಾರ್ಡಿಗೆ ಅರ್ಥವಾಗುವ ರೂಪಕ್ಕೆ ತರಬೇಕು. ಕನ್ಸೋಲಿನಲ್ಲಿ ಒಳಗಿರುವ ಚಿಪ್ ಯಾವುದು ಅಂತ ನನಗೆ ಮೊದಲೇ ಗೊತ್ತು. ಎಲ್ಲ ಕಂಪೈಲ್ ಮಾಡಿಯೇ ಕಳಿಸುತ್ತೇನೆ. ಕೋಟಿಗಟ್ಟಲೆ ಮನೆಗಳಲ್ಲಿ ಒಂದೇ ಯಂತ್ರ ಇರುವುದು ನಮಗೆ ಎಷ್ಟು ದೊಡ್ಡ ನೆಮ್ಮದಿ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಕನ್ಸೋಲ್ ಸತ್ತಿತು ಅನ್ನುವ ಸುದ್ದಿಗೂ ನಲವತ್ತು ವರ್ಷ ಆಯಿತು. 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದಾಗ ಅಂಗಡಿಯವರು ಆ ಮಾಲೇ ಬೇಡ ಅಂದಿದ್ದರು. ಎರಡು ವರ್ಷಕ್ಕೆ ನಿಂಟೆಂಡೊ ಅಲ್ಲೇ ಬಂದು ಕೂತಿತು. ಮೊಬೈಲ್ ಬಂದಾಗ ಮತ್ತೆ ತಿಥಿ ಮಾಡಿದರು. ಆಮೇಲೆ ಬಂದ ಪಿಎಸ್4 11 ಕೋಟಿಗೂ ಹೆಚ್ಚು ಮಾರಾಟ ಆಯಿತು, ಸ್ವಿಚ್ 15 ಕೋಟಿ ದಾಟಿತು. ಸೋತವರೂ ಇದ್ದಾರೆ. ಸೆಗಾ 2001ರಲ್ಲಿ ಯಂತ್ರ ಮಾಡುವುದನ್ನೇ ಬಿಟ್ಟು ಬೇರೆಯವರ ಯಂತ್ರಗಳಿಗೆ ಗೇಮ್ ಮಾಡತೊಡಗಿತು. ಎಕ್ಸ್‌ಬಾಕ್ಸ್ ಈಗ ಅದೇ ದಾರಿಯಲ್ಲಿ ಅರ್ಧ ಬಂದಿದೆ ಅಂತ ನನಗನ್ನಿಸುತ್ತದೆ.

ನಿಜವಾಗಿ ಸಾಯುತ್ತಿರುವುದು "ಈ ಗೇಮ್ ಬೇಕಾದರೆ ಈ ಡಬ್ಬಿಯನ್ನೇ ಕೊಳ್ಳು" ಅನ್ನುವ ಹಟ. ದೊಡ್ಡ ಗೇಮ್ ಒಂದಕ್ಕೆ ನೂರಾರು ಜನ ಐದಾರು ವರ್ಷ ಕೂರುತ್ತಾರೆ. ಅಷ್ಟು ಸಂಬಳ ಒಂದೇ ಡಬ್ಬಿಯ ಗಿರಾಕಿಗಳಿಂದ ಹುಟ್ಟುವುದಿಲ್ಲ. ನಿಂಟೆಂಡೊ ಮಾತ್ರ ಈ ಲೆಕ್ಕಕ್ಕೆ ಇನ್ನೂ ಸಿಕ್ಕಿಲ್ಲ.

ಕ್ಲೌಡ್, ಅಂದರೆ ಗೇಮ್ ದೂರದ ಸರ್ವರ್‌ನಲ್ಲಿ ಓಡಿ ಚಿತ್ರ ಮಾತ್ರ ನಿಮ್ಮ ಮನೆಗೆ ಬರುವ ಪದ್ಧತಿ, ಅದರ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲಿನ ಒಂದೊಂದು ಚಿತ್ರ) ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನೀವು ಗುಂಡಿ ಒತ್ತಿದ್ದು ಸರ್ವರ್‌ಗೆ ಹೋಗಬೇಕು, ಅಲ್ಲಿ ಚಿತ್ರ ತಯಾರಾಗಿ ವಿಡಿಯೋ ಆಗಬೇಕು, ವಾಪಸ್ ಬಂದು ಬಿಚ್ಚಿಕೊಳ್ಳಬೇಕು. ಎರಡು ಮೂರು ಫ್ರೇಮ್ ದಾರಿಯಲ್ಲೇ ಹೋಯಿತು. ಇಸ್ಪೀಟು, ಚೆಸ್‌ಗೆ ತೊಂದರೆ ಇಲ್ಲ. ಫೈಟಿಂಗ್ ಗೇಮ್ ಆಡಿ ನೋಡಿ, ಏಟು ತಿಂದಮೇಲೆ ನಿಮ್ಮ ಕೈ ತಡೆಯಲು ಏಳುತ್ತದೆ. ಗೂಗಲ್‌ನ ಕ್ಲೌಡ್ ಗೇಮ್ ಸೇವೆ ಸ್ಟೇಡಿಯಾ 2019ರಲ್ಲಿ ಶುರುವಾಗಿ 2023ರ ಜನವರಿಯಲ್ಲಿ ಮುಚ್ಚಿತು. ಗೇಮ್ ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು, ಅದೊಂದು ಪುಣ್ಯ.

ಮೂಲೆಕುರ್ಚಿ:

ಸುಮ್ನೆಪಿಸಿ ಅವರೇ, ಇಡೀ ದಿನ ಪಿಸಿ ಮುಂದೆ ಕೂತು ಕೆಲಸ ಮಾಡಿ ಬರುತ್ತೇನೆ. ರಾತ್ರಿಯೂ ಡ್ರೈವರ್ ಅಪ್‌ಡೇಟ್ ಮಾಡಲು ನನ್ನಿಂದ ಆಗದು.

ಕಪಾಟಿನ ಡಿಸ್ಕ್‌ಗಳು ಹೊಸದರಲ್ಲಿ ಓಡುತ್ತವಾ? ನನಗೆ ನಿಜವಾಗಿ ಬೇಕಿರುವುದು ಅಷ್ಟೇ.

ಗೀರುಬಿದ್ದ ಡಿಸ್ಕ್:

ಅದು ಯಾವ ಕಂಪನಿ ಅನ್ನುವುದರ ಮೇಲೆ. ಹೇಳುವುದಿಲ್ಲ ಅಂತ ಹಟ ಹಿಡಿದಿದ್ದೀರಿ, ಇರಲಿ. ಪಿಎಸ್4ರ ಡಿಸ್ಕ್‌ಗಳು ಹೆಚ್ಚುಕಡಿಮೆ ಎಲ್ಲವೂ ಪಿಎಸ್5ರಲ್ಲಿ ನಡೆಯುತ್ತವೆ, ಡ್ರೈವ್ ಇದ್ದರೆ. ಬೇರೆಯಾಗಿ ಸಿಗುವ ಡ್ರೈವನ್ನು ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಹಳೆಯ ತಲೆಮಾರುಗಳ ಡಿಸ್ಕ್‌ಗಳನ್ನೂ ಸಾಕಷ್ಟು ಓದುತ್ತದೆ. ಸೀರೀಸ್ ಎಸ್‌ಗೆ ಡಿಸ್ಕ್ ನುಂಗುವ ಬಾಯೇ ಇಲ್ಲ.

ಆದರೆ ಡಿಸ್ಕ್ ಕೈಯಲ್ಲಿದೆ ಅಂತ ತೀರಾ ನಿಶ್ಚಿಂತೆಯಿಂದ ಇರಬೇಡಿ. ದಿ ಕ್ರೂ ಅನ್ನುವ ಕಾರ್ ರೇಸ್ ಗೇಮ್ ಡಿಸ್ಕಿನಲ್ಲೇ ಬಂದಿತ್ತು. ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್‌ನಲ್ಲಿ ಸರ್ವರ್ ಬಂದ್ ಮಾಡಿದರು, ಡಿಸ್ಕ್ ಕೈಯಲ್ಲೇ ಉಳಿಯಿತು. ಡೌನ್‌ಲೋಡ್ ಅಂಗಡಿಗಳೂ ಅಷ್ಟೇ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ ಹಳೆಯ ಯಂತ್ರಗಳಾದ 3ಡಿಎಸ್, ವೀ ಯು ಎರಡರ ಅಂಗಡಿಯನ್ನೂ ಮುಚ್ಚಿತು. ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ ಮುಚ್ಚಿತು.

ನನ್ನ ಪದ್ಧತಿ ಹೇಳುತ್ತೇನೆ. ಡಿಸ್ಕ್ ತಂದ ದಿನ ಇಂಟರ್‌ನೆಟ್ ಕಡಿದು ಡಿಸ್ಕ್ ಹಾಕಿ ನೋಡುತ್ತೇನೆ. ಶುರುವಾಗಿ ಆಡಲು ಬಂದರೆ ಕವರಿನ ಬೆನ್ನಿಗೆ ಹಸಿರು ಚುಕ್ಕೆ. ಬರದಿದ್ದರೆ ಕೆಂಪು. ಕೆಂಪಿನದನ್ನು ಆಡಿ ಮುಗಿಸಿ ಮಾರಿಬಿಡುತ್ತೇನೆ.

ಮೂಲೆಕುರ್ಚಿ:

ರೋಲರ್ ಒರೆಸಿದೆ. ಬಟ್ಟೆ ಕಪ್ಪಾಯಿತು, ನೀವು ಹೇಳಿದ ಹಾಗೇ. ಈಗ ಎರಡನೇ ಸಲಕ್ಕೇ ನುಂಗುತ್ತದೆ.

ಹಾಗಾಗಿ ಸದ್ಯಕ್ಕೆ ಏನೂ ಕೊಳ್ಳುತ್ತಿಲ್ಲ. ಇದು ಪೂರ್ತಿ ಮಲಗಿದ ದಿನ ಡ್ರೈವ್ ಇರುವುದನ್ನೇ ತರುತ್ತೇನೆ, ಆಗಲೂ ಅಂಥದ್ದು ಸಿಕ್ಕರೆ. ಹಸಿರು ಕೆಂಪು ಚುಕ್ಕೆಯ ಕೆಲಸವನ್ನು ತಂಗಿ ಮಗನಿಗೆ ವಹಿಸಿದ್ದೇನೆ. ನಿನ್ನೆ ಹದಿನಾಲ್ಕು ಡಿಸ್ಕ್ ಆಯಿತು, ಮೂರು ಕೆಂಪು. 2009ರ ಆ ಗೆಳೆಯನ ಡಿಸ್ಕ್ ಈ ಕನ್ಸೋಲಿನಲ್ಲಿ ಓಡುವುದೇ ಇಲ್ಲ, ಅದಕ್ಕಿಂತ ಹಿಂದಿನ ಯಂತ್ರದ್ದು. ಅದಕ್ಕೆ ಯಾವ ಬಣ್ಣ ಹಚ್ಚಬೇಕು ಅಂತ ಹುಡುಗ ಕೇಳುತ್ತಿದ್ದಾನೆ.