ಬ್ಯಾಡಗಿ ಮೆಣಸಿನಕಾಯಿ ಆರಿಸೋ ಕ್ಯಾಮೆರಾಕ್ಕ ಎಫ್‌ಪಿಜಿಎನೋ, ಜಿಪಿಯುನೋ?

ಹುಬ್ಬಳ್ಳಿ, ಇಂಜಿನಿಯರಿಂಗ್ ಕೊನೇ ವರ್ಷ: ಬೆಲ್ಟ್ ಮ್ಯಾಲೆ ಹೊಂಟ ಮೆಣಸಿನಕಾಯಿಯೊಳಗ ಬಿಳಿಚಿದ್ದನ್ನ ಗುರುತಿಸಿ ಗಾಳಿ ಊದಿ ಹಾರಿಸಬೇಕು. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡ್ತದ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟ್ ನಾವೇ ಬರೆದು ಕೂಡಿಸೋ ಚಿಪ್) ಬೋರ್ಡೋ, ಜಿಪಿಯು (ಬಾಳ ಲೆಕ್ಕ ಒಮ್ಮೆಲೇ ಮಾಡೋ ಚಿಪ್) ಬೋರ್ಡೋ, ಯಾವುದು ತಗೊಳ್ಳೋದು? ಮಾಡಿದವರು ಹೇಳ್ರಿ.

ಧಾರವಾಡದಿಂದ: ತಮ್ಮಾ, ಮೊದಲು ಪಿಕ್ಸೆಲ್ ಲೆಕ್ಕ ಹಾಕು. 640×480 ಚಿತ್ರ, ಸೆಕೆಂಡಿಗೆ 60 ಅಂದ್ರ ಸುಮಾರು 1.84 ಕೋಟಿ ಪಿಕ್ಸೆಲ್. ಜೆಟ್ಸನ್ ನ್ಯಾನೋ ಅನ್ನೋ ಸಣ್ಣ ಜಿಪಿಯು ಬೋರ್ಡಿನ 128 ಕೋರ್‌ಗೆ ಇದು ಭಾರ ಅಲ್ಲ. ತೊಡಕು ಇರೋದು ಹೊತ್ತಿಂದು. ಆ ಬೋರ್ಡ್ ನಡೆಸೋ ಲಿನಕ್ಸ್ ನಡುವ ಬ್ಯಾರೆ ಕೆಲಸಕ್ಕ ಹೋಗಿ ಉತ್ತರ 20 ಮಿಲಿಸೆಕೆಂಡ್ ತಡ ಆತು ಅಂದ್ರ ಕಾಯಿ 2 ಸೆಂಟಿಮೀಟರ್ ಮುಂದ ಹೋಗಿರ್ತದ, ಗಾಳಿ ಮಗ್ಗಲದ ಕಾಯಿಗೆ ಬಡೀತದ. ಎಫ್‌ಪಿಜಿಎ ಪ್ರತಿ ಸಲ ಅಷ್ಟೇ ಕ್ಲಾಕ್ (ಚಿಪ್ಪಿನ ತಾಳದ ಬಡಿತ) ತಗೋತದ.

ಗದಗದಿಂದ: ಎಫ್‌ಪಿಜಿಎ ಹಿಡಿದ್ರ ಇಡೀ ಚಿತ್ರ ಕೂಡಿಡೋ ಆಸೆ ಬಿಡ್ರಿ. ಆರ್ಟಿಕ್ಸ್-7 35ಟಿ ಅನ್ನೋ ಎಫ್‌ಪಿಜಿಎ ಚಿಪ್‌ನ ಬ್ಲಾಕ್ ರ‍್ಯಾಮ್ (ಚಿಪ್ ಒಳಗಿನ ನೆನಪಿನ ಜಾಗ) ಎಲ್ಲಾ ಕೂಡಿಸಿದ್ರೂ 225 ಕಿಲೋಬೈಟ್. 640×480ರ ಕಪ್ಪು-ಬಿಳುಪು ಚಿತ್ರಕ್ಕೇ 300 ಬೇಕು. ಆದ್ರ ಅಕ್ಕಪಕ್ಕದ ಒಂಬತ್ತು ಪಿಕ್ಸೆಲ್ ಕೂಡಿಸಿ ನೋಡೋ 3×3 ಫಿಲ್ಟರ್‌ಗೆ ಹಿಂದಿನ ಎರಡು ಸಾಲು ಇದ್ರ ಸಾಕು, 1280 ಬೈಟ್. ನೇಕಾರ ಎಳಿ ಕೂಡಿಸ್ದಂಗ ಪಿಕ್ಸೆಲ್ ಬಂದಂಗ ಬಂದಂಗ ಕೆಲಸ ಮುಗೀಬೇಕು. ಬಣ್ಣಕ್ಕ ಎಚ್‌ಎಸ್‌ವಿ (ಬಣ್ಣ, ಗಾಢತೆ, ಹೊಳಪು ಅಂತ ಬಿಡಿಸೋದು) ಮಾಡಾಕ ಹೋಗಬ್ಯಾಡ್ರಿ, ಅದರೊಳಗ ಭಾಗಾಕಾರ ಬರ್ತದ, ಹಾರ್ಡ್‌ವೇರ್ ತಿಂತದ. ಕೆಂಪು, ಹಸಿರಿನ ಒಂದೂವರೆ ಪಟ್ಟಿಗಿಂತ ಹೆಚ್ಚೈತೇನು ಅಂತ ನೋಡೋದು ಒಂದು ಶಿಫ್ಟ್ (ಬಿಟ್ ಸರಿಸಿ ಅರ್ಧ ಮಾಡೋದು), ಒಂದು ಕೂಡಿಕೆ, ಒಂದು ಹೋಲಿಕೆ, ಅಷ್ಟರಾಗ ಆಗ್ತದ. ಒಂದೂವರೆ ಅನ್ನೋದನ್ನ ನಿಮ್ಮ ಕಾಯಿ ನೋಡಿ ತಿದ್ದಿಕೊಳ್ರಿ. ಬ್ಯಾಡಗಿ ಕಾಯಿಯ ಎರಡು ಬಗಿ, ಡಬ್ಬಿ, ಕಡ್ಡಿ, ಎರಡನ್ನೂ ಇಟ್ಟು ನೋಡ್ರಿ. ವೆರಿಲಾಗ್ (ಎಫ್‌ಪಿಜಿಎಗೆ ಬರೆಯೋ ಭಾಷೆ) ಸಿಮ್ಯುಲೇಶನ್‌ಗೆ ಬೆಲ್ಟಿನ ಖರೇ ಫೋಟೋನೇ ಕೊಡ್ರಿ.

ಹಾವೇರಿಯಿಂದ: ಧಾರವಾಡದ ಅಣ್ಣಾರ ಮಾತು ಅರ್ಧ ಒಪ್ತೀನ್ರಿ. ಕ್ಯಾಮೆರಾದಿಂದ ಗಾಳಿ ನಳಿಗೆ 20 ಸೆಂಟಿಮೀಟರ್ ದೂರ ಇಟ್ರ 200 ಮಿಲಿಸೆಕೆಂಡ್ ಸಿಗ್ತದ. ಬೆಲ್ಟಿಗೆ ಎನ್‌ಕೋಡರ್ (ಬೆಲ್ಟ್ ಎಷ್ಟು ಸರೀತು ಅಂತ ಎಣಿಸೋ ಸಾಧನ) ಹಚ್ರಿ. ಯಾವ ಚಿತ್ರ ಎನ್‌ಕೋಡರ್‌ನ ಯಾವ ಎಣಿಕೆಗೆ ತೆಗೆದದ್ದು ಅಂತ ಬರ್ಕೊಂಡ್ರ, ಜಿಪಿಯು ತಡ ಮಾಡಿದ್ರೂ ಸಣ್ಣ ಮೈಕ್ರೋಕಂಟ್ರೋಲರ್ ಸರಿಯಾದ ಜಾಗಕ್ಕ ವಾಲ್ವ್ ತೆಗೀತದ.

ಧಾರವಾಡದಿಂದ: ಅದು ಖರೆ. ಆದ್ರ ಒಣ ಕಾಯಿ ಹಗುರ, ದೂರ ಹೆಚ್ಚಾದಷ್ಟು ಬೆಲ್ಟ್ ಮ್ಯಾಲೆ ಉರುಳ್ತದ. ಅದು ಉರುಳದ ದೂರ ಎಷ್ಟು, ಅಳೀರಿ. ಅಷ್ಟರಾಗ ಜಿಪಿಯುದ ಕೆಟ್ಟ ತಡಾನೂ ಹಿಡಿಸಿದ್ರ ಜಿಪಿಯು ತಗೋ, ಇಲ್ಲಾಂದ್ರ ಎಫ್‌ಪಿಜಿಎ.

ಹಾವೇರಿಯಿಂದ: ಇನ್ನೊಂದು, ಮನೀ ಟ್ಯೂಬ್‌ಲೈಟ್ ಬ್ಯಾಡ. ನಮ್ಮ ಕರೆಂಟ್ 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಮಿಣುಕ್ತದ, ಚಿತ್ರದಾಗ ಪಟ್ಟಿ ಬೀಳ್ತಾವು. ಡಿಸಿ ಎಲ್‌ಇಡಿ ಹಾಕ್ರಿ. ಲೆನ್ಸಿನ ಮುಂದ ಒಂದು ಗಾಜು ಇರಲಿ, ಖಾರದ ಧೂಳು ಒರೆಸಾಕ ಬೇಕಾಗ್ತದ.