ಸಹಾಯ ಬೇಕು: ಟ್ರ್ಯಾಕ್ಟರ್‌ಗೆ ಹಾಡಿನ ಸೆಟ್ ಕೂರಿಸೋರು, ಕೋಲಾರ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ಕಡೆ. ಟೊಮೆಟೊ ಕೋಲಾರ ಮಂಡಿಗೆ ಹೊಡೆಯೋ ಟ್ರ್ಯಾಕ್ಟರ್‌ಗೆ ಒಂದು ಡೆಕ್ಕು, ಎರಡು ಸ್ಪೀಕರ್ ಹಾಕಿಸಬೇಕು.

ಹೋದ ವರ್ಷ ಒಬ್ಬರ ಹತ್ರ ಹಾಕಿಸಿದ್ದೆ. ಫ್ಯೂಸೇ ಇಲ್ಲದೆ ಬ್ಯಾಟರಿಯಿಂದ ನೇರ ವೈರ್ ಎಳೆದಿದ್ರು. ಬಾನೆಟ್ ತಗಡಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಕಿತ್ತುಹೋಗಿ, ಒಂದು ದಿನ ಬದುವಿನ ಮೇಲೆ ನಿಂತಾಗ ಬುಸ್ಸಂತ ಹೊಗೆ! ಅದಕ್ಕೂ ಮುಂಚೆ, ಆಕ್ಸಿಲರೇಟರ್ ಕೊಟ್ಟಂಗೆಲ್ಲ ಸ್ಪೀಕರಲ್ಲಿ ಕುಯ್ಯ್ ಅನ್ನೋದು. ನಮ್ಮಪ್ಪ 'ಒಳಗೆ ಸೊಳ್ಳೆ ಹೊಕ್ಕದೆ' ಅಂತಿದ್ರು. ಅರ್ತಿಂಗ್ ಸರಿ ಕೊಡದಿದ್ರೆ ಹಂಗಾಗುತ್ತೆ ಅಂತ ಆಮೇಲೆ ಗೊತ್ತಾಯ್ತು.

ಮೇಲೆ ಸೂರಿಲ್ಲ, ಬಿಸಿಲು, ಮಳೆ, ಕೆಂಪು ಧೂಳು ಎಲ್ಲಾ ನೇರ ಸ್ಪೀಕರ್ ಮೇಲೆ. ಕಾರಿನ ಪೇಪರ್ ಕೋನ್ ಸ್ಪೀಕರ್ ತಡೆಯಲ್ಲ. ದೋಣಿಗೆ ಹಾಕೋ ನೀರು ತಡೆಯೋ ಸ್ಪೀಕರ್ ಸಿಗುತ್ತಂತೆ, ಯಾರಾದ್ರೂ ಹಾಕಿಸಿದ್ದೀರಾ?

ಸಾಮಾನು ನಾನೇ ತಂದುಕೊಡ್ತೀನಿ. ಕೂಲಿ 1,500 ರೂಪಾಯಿ ಒಳಗಿರಲಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ, ವೈರನ್ನ ಪೈಪೊಳಗೆ ಎಳೆಯೋ ಮನುಷ್ಯ ಬೇಕು. ಮುಳಬಾಗಿಲು, ಕೋಲಾರ, ಚಿಂತಾಮಣಿ ಎಲ್ಲಾದ್ರೂ ಸರಿ, ಗಾಡಿ ತರ್ತೀನಿ. ನೀವೇ ಮಾಡಿಸಿ ನೋಡಿದೋರನ್ನ ಮಾತ್ರ ಹೇಳ್ರಪ್ಪಾ.